ಹೊಡೆದ ಕೋಲಿನ ಟಕಟಕಿ

ಮೌಶಿ ಸತ್ತಳೆಂದು ಫೋನು ಬಂದಾಗ ನನ್ನ ಗಂಡ ಮೊದಲು ಮಾಡಿದ ಕೆಲಸವೆಂದರೆ ತಮ್ಮ ಬಲಗೈಯ ಮಣಿಕಟ್ಟನ್ನು ಸವರಿಕೊಂಡದ್ದು. “ಹೋದ್ಲಾ?” ಎಂದರು. “ಹೂಂ” ಎಂದೆ. ಮತ್ತೆ ಸವರಿಕೊಂಡರು. ಆ ಮಣಿಕಟ್ಟನ್ನು ಮುರಿದವಳು ಅವಳೇ. ಥಂಡಿ ಬಿದ್ದಾಗ ಈಗಲೂ ಅದು ನೋಯುತ್ತದೆ. ನೋಯಲಿ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಅವಳ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಸನತ್‌ನಗರದ ಆ ಓಣಿಯಲ್ಲಿ ಹೆಸರು ಹಿಡಿದು ಅವಳನ್ನು ಕರೆದವರೂ ಇರಲಿಲ್ಲ. ಬೀದರ್, ರಾಯಚೂರು ಕಡೆಯಿಂದ ಬಂದ ನಾವು ಮೌಶಿ ಎನ್ನುತ್ತಿದ್ದೆವು. ತೆಲುಗಿನವರು ಪಿನ್ನಿ ಎನ್ನುತ್ತಿದ್ದರು. ಮೂಲೆಮನೆಯ ಮುಸಲ್ಮಾನರ ಹುಡುಗಿಯರಿಗೆ ಅವಳು ಖಾಲಾ. ಮೂರೂ ಒಂದೇ, ಅವ್ವನ ತಂಗಿ. ಅವ್ವಂದಿರನ್ನು ದೂರದ ಊರುಗಳಲ್ಲಿ ಬಿಟ್ಟು ಕಾರ್ಖಾನೆಯ ಗಂಡಂದಿರ ಹಿಂದೆ ಹೈದರಾಬಾದಿಗೆ ಬಂದಿದ್ದ ನಮಗೆಲ್ಲ ಹತ್ತಿರಕ್ಕಿದ್ದ ಅವ್ವನ ತಂಗಿ ಅವಳೊಬ್ಬಳೇ. ಹಾಗೆಂದು ಮಡಿಲು, ಅಪ್ಪುಗೆ, ಬೆಲ್ಲದ ಮಾತು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಕೆಟ್ಟ ಬಾಯಿ, ಅದಕ್ಕಿಂತ ಕೆಟ್ಟ ಕೈ ಅವಳದು. ನಲ್ಲಿಯ ಸರದಿ ತಪ್ಪಿಸಿದವಳ ಹಿತ್ತಾಳೆ ಕೊಡವನ್ನು ಒದ್ದು ತಗ್ಗು ಬೀಳಿಸಿದ್ದನ್ನು ನಾನೇ ಕಂಡಿದ್ದೇನೆ. ಮೀಸೆ ಬಂದ ಮಗನಿಗೆ ನಡುಬೀದಿಯಲ್ಲಿ ಕಪಾಳಕ್ಕೆ ಬಾರಿಸುತ್ತಿದ್ದಳು. ಅವನು ಕೆನ್ನೆ ಹಿಡಿದುಕೊಂಡು ಪಟಾನ್‌ಚೆರುವಿನ ಬಸ್ಸು ಹತ್ತುತ್ತಿದ್ದ. ಅಲ್ಲಿ ಔಷಧದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ.

ಗಿಡ್ಡ ಆಳು, ಅಗಲ ಬೆನ್ನು. ಬಲಭುಜ ಎಡಭುಜಕ್ಕಿಂತ ದಪ್ಪ. ಎಡಗೈ ಕಿರುಬೆರಳಿನ ತುದಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದರೆ “ಬಾಚಿ ತಿಂತು” ಎನ್ನುತ್ತಿದ್ದಳು. ಬಡಿಗೇರ ಮನೆಯ ಮಗಳು. ಹೆಣ್ಣುಮಕ್ಕಳು ಉಳಿ ಬಾಚಿ ಮುಟ್ಟಬಾರದೆಂದು ಅಪ್ಪ ಹೊಡೆಯುತ್ತಿದ್ದನಂತೆ. ಏಟು ತಿನ್ನುತ್ತಲೇ ಕೆಲಸವನ್ನೂ ಕಲಿತಿದ್ದಳು. ಅಪ್ಪ ಸತ್ತಾಗ ತಮ್ಮಂದಿರು ಹೊಲ ಹಂಚಿಕೊಂಡರು, ಇವಳು ಅವನ ಉಳಿ ಬಡಿಯುವ ಕೊಡತಿಯನ್ನು ಎತ್ತಿಕೊಂಡು ಬಂದಳು. ಹುಣಸೆ ಮರದ ಕೊಡತಿ. ಹಿಡಿಯುವ ಜಾಗ ಅಪ್ಪನ ಕೈಯಿಂದ ಸವೆದು ಸಣ್ಣಗಾಗಿತ್ತು. ತಲೆ ಮಾತ್ರ ತೆಂಗಿನಕಾಯಿಯ ಗಾತ್ರ, ಕಲ್ಲಿನ ಭಾರ. ಗಂಡನ ಮಾತು ತೆಗೆದರೆ, “ಅಂವಾ ಹೊಡೀತಿದ್ದ, ನಾನೂ ಹೊಡೀತಿದ್ದೆ, ಅಂವಾ ಮೊದಲ ಸತ್ತ” ಎಂದು ಮುಗಿಸಿಬಿಡುತ್ತಿದ್ದಳು.

ಗಾಳಿಗಂಟೆ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ. ತಾನು ಮನೆಯಲ್ಲಿ ಮಾಡುತ್ತಿದ್ದ ಕಟ್ಟಿಗೆಯ ಆ ಗೊಂಚಲುಗಳಿಗೆ ಅವಳು ಟಕಟಕಿ ಎನ್ನುತ್ತಿದ್ದಳು. ಅದಕ್ಕೆ ಕಾರಣವಾದ ಸಂಗತಿ ನಾನು ಮದುವೆಯಾಗಿ ಬರುವುದಕ್ಕೂ ಮೊದಲಿನದು. ಆ ಓಣಿಯ ಮನೆಗಳು ಒಂದಕ್ಕೊಂದು ಗೋಡೆ ಹಚ್ಚಿಕೊಂಡು ನಿಂತವು. ಅವಳ ಗೋಡೆಯಾಚೆ ಒಬ್ಬಳು ಹೊಸ ಮದುವಣಗಿತ್ತಿ ಇದ್ದಳು. ಒಂದು ದಿನ ಗೋಡೆಯಾಚೆಯಿಂದ ಕೂಗು ಕೇಳಿತು. ರೇಡಿಯೋದಲ್ಲಿ ನಾಟಕ ಬರುತ್ತಿದೆ ಎಂದುಕೊಂಡು ಮೌಶಿ ರೊಟ್ಟಿ ಬಡಿಯುತ್ತ ಕುಳಿತಳು. ಸೀಮೆಎಣ್ಣೆ ವಾಸನೆ ಬಂದಾಗ ಎದ್ದಳು. ಅಷ್ಟರಲ್ಲಿ ಹುಡುಗಿ ಉರಿಯುತ್ತ ಹೊರಗೆ ಓಡಿ ಬಂದು ನಲ್ಲಿಯ ಹತ್ತಿರ ಬಿದ್ದಿದ್ದಳು. ಮೌಶಿ ಗೋಣಿತಟ್ಟು ಹಾಕಿ ಬೆಂಕಿ ಆರಿಸಿದಳು. ತಟ್ಟು ತೆಗೆದಾಗ ಚರ್ಮ ಅದಕ್ಕೆ ಅಂಟಿಕೊಂಡು ಬಂತು. ದವಾಖಾನೆಯಲ್ಲಿ ಹುಡುಗಿ ಉಳಿಯಲಿಲ್ಲ. ಸ್ಟೋವು ಸಿಡಿಯಿತು ಎಂದರು ಮನೆಯವರು.

“ಸ್ಟೋ ಹೆಂಗಿತ್ತೋ ಹಂಗ ಇತ್ತು, ಒಂದು ಗೀರು ಸೈತ ಬಿದ್ದಿದ್ದಿಲ್ಲ,” ಎಂದು ಮೌಶಿ ನನಗೆ ಹೇಳಿದ್ದಳು. “ಬಾಯಿ ಮಾಡಿದ್ರ ಮಂದಿ ರೇಡಿಯೋ ಅಂತಾರ. ಭಾಂಡೆ ಬಿದ್ರ ಬೆಕ್ಕು ಅಂತಾರ. ಗಂಟಿ ಬಾರಿಸಿದ್ರ ಪೂಜಿ ಅಂತಾರ. ಕಟ್ಟಿಗಿ ಸಪ್ಪಳಕ್ಕ ಮಾತ್ರ ಯಾರೂ ಮತ್ತೊಂದು ಹೆಸರು ಇಟ್ಟಿಲ್ಲ ನೋಡು.”

ಹೀಗೆ ಶುರುವಾಯಿತು ಆ ಓಣಿಯ ಕಾಯಿದೆ. ಯಾವ ಮನೆಯಲ್ಲಿ ಗಂಡಸು ಹೆಂಗಸಿಗೆ ಹೊಡೆದನೋ, ಹೊಡೆದ ಕಟ್ಟಿಗೆಯನ್ನು ಮೌಶಿ ಕಿತ್ತುಕೊಂಡು ಹೋಗುತ್ತಿದ್ದಳು. ಅದು ಲಟ್ಟಣಿಗೆಯಿರಲಿ, ಹೊರಸು ಮಂಚದ ಕಾಲಿರಲಿ, ಅದನ್ನು ಕೊಯ್ದು, ತೂತು ಕೊರೆದು, ದಾರಕ್ಕೆ ಪೋಣಿಸಿ ಟಕಟಕಿ ಮಾಡಿ ಅದೇ ಮನೆಯ ಬಾಗಿಲಿಗೆ ಕಟ್ಟುತ್ತಿದ್ದಳು. ಕಟ್ಟುವ ಮೊದಲು ಆ ಗಂಡಸನ್ನು ನಿಲ್ಲಿಸಿ ಎತ್ತರ ನೋಡುತ್ತಿದ್ದಳು. ಸರಿಯಾಗಿ ಅವನ ಹಣೆಗೆ ಬಡಿಯುವಂತೆ ಇಳಿಬಿಡುತ್ತಿದ್ದಳು. ತುಂಡುಗಳ ನಡುವೆ ಅವಕ್ಕೆ ಬಡಿಯುವ ಕಟ್ಟಿಗೆಯ ಬಿಲ್ಲೆ, ಅದರಿಂದ ಒಂದು ಉದ್ದ ದಾರ ತೂಗುತ್ತಿತ್ತು. ಮತ್ತೆ ಕೈ ಎತ್ತಿದರೆ ಹೆಂಗಸು ಆ ದಾರ ಜಗ್ಗಬೇಕು. ಜಗ್ಗಿದರೆ ಅವಳು ಬರುತ್ತಿದ್ದಳು. ಕಟ್ಟಿಗೆ ಬೇರೆಬೇರೆಯಾದ್ದರಿಂದ ದನಿಯೂ ಬೇರೆ. ಯಾವ ಮನೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಹೇಗೆ ಬರುತ್ತಿದ್ದಳು ಎಂಬುದಕ್ಕೆ ಹೊರಸಿನ ಕಾಲಿನವನೇ ಸಾಕ್ಷಿ. ಫೌಂಡ್ರಿಯಲ್ಲಿ ಕೆಲಸದವನು, ಕುಡುಕ. ಹೊರಸಿನ ಕಾಲು ಕಿತ್ತು ಹೆಂಡತಿಯ ಬಾಯಿಗೆ ಹೊಡೆದು ಎರಡು ಹಲ್ಲು ಉದುರಿಸಿದ್ದ. ಮೌಶಿ ಹೋಗಿ ಒಂದೇ ಮಾತು ಹೇಳಿದಳು: “ಕೈ ಇಳಸು.” ಅವನು ನಕ್ಕ. ಕೊಡತಿ ಅವನ ಭುಜದ ಮೇಲೆ ಇಳಿಯಿತು. ಎಲುಬು ಚರ್ಮ ಹರಿದು ಹೊರಗೆ ಬಂದದ್ದನ್ನು ನೋಡಿ ಅವನ ಹೆಂಡತಿಯೇ ರಕ್ತದ ಬಾಯಲ್ಲಿ ಮೌಶಿಗೆ ಶಾಪ ಹಾಕಿದಳು, ಇನ್ನು ಮನೆಗೆ ದುಡಿದು ಹಾಕುವವರು ಯಾರು ಎಂದು. ಮೌಶಿ ಅವಳಿಗೂ ಒಂದು ಬೈಗುಳ ಬೈದು, ಉದುರಿದ ಹಲ್ಲು ಆರಿಸಿ ಅವಳ ಅಂಗೈಯಲ್ಲಿಟ್ಟಳು. “ಇದನ್ನ ಹಿಡ್ಕೊಂಡು ಆಮ್ಯಾಲ ಬೈಯಿ” ಎಂದಳು. ಸಂಜೆ ಪೋಲೀಸಿನವನೊಬ್ಬ ಬಂದ. ತೆಲುಗಿನವನು. “ಏಮಮ್ಮಾ, ನುವ್ವು ರೌಡೀವಾ?” ಎಂದು ಗದರಿದ. “ಅವುನು” ಎಂದಳು, ಹೌದೆಂದು, ಆ ಹೊರಸಿನ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಲೇ. ಅವನು ನೀರು ಕುಡಿದು ಹೋದ.

ಇದೆಲ್ಲ ಸರಿಯೇ ಎಂದು ಈಗಿನವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಏಟು ತಿಂದವರನ್ನು ಕೇಳಿ, ಅವರು ಒಂದು ಹೇಳುತ್ತಾರೆ. ಭುಜ ಮುರಿದವನನ್ನು ಕೇಳಿ, ಮತ್ತೊಂದು. ನಾನು ಯಾವ ಕಡೆಯವಳೆಂದು ಮಾತ್ರ ಹೇಳಿಬಿಡುತ್ತೇನೆ.

ನನ್ನ ಗಂಡ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿದ್ದರು. ಕಲಿತವರು, ಇಸ್ತ್ರಿ ಅಂಗಿಯವರು, ಹೊರಗೆ ಎರಡನೆಯ ಮಾತಿಗೆ ನಗುವವರು. ಮನೆಗೂ ಕೆಲಸ ತರುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಅವರ ನಕ್ಷೆಯ ಹಾಳೆಯ ಮೇಲೆ ನಾನು ಚಹಾದ ಲೋಟ ಇಟ್ಟೆ. ಎತ್ತಿದಾಗ ಅಲ್ಲೊಂದು ದುಂಡು ಕಲೆ. ಮೊದಲ ಏಟು ಕಿವಿಗೆ ಬಿತ್ತು. ಅವರ ಕೈಯಲ್ಲಿದ್ದದ್ದು ಟೀ-ಸ್ಕೇಲು, ನಕ್ಷೆಯ ಹಲಗೆಯ ಮೇಲೆ ಜಾರಿಸಿ ಗೆರೆ ಎಳೆಯುವ ಕರಿ ಅಂಚಿನ ಉದ್ದ ಪಟ್ಟಿ, ಒಂದು ತುದಿಗೆ ಅಡ್ಡಪಟ್ಟಿ. ಅಡ್ಡಪಟ್ಟಿಯ ಮೂಲೆ ಕಿವಿಯ ಹಾಳೆಯನ್ನು ಸೀಳಿತು. ಆಮೇಲೆ ಬೆನ್ನು, ಮೊಣಕೈ, ಮತ್ತೆ ಬೆನ್ನು. ಹೊಡೆಯುವಾಗ ಅವರು ಬಾಯಿ ಬಿಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ. ನಾನು ಕೂಗಿದೆ. ಓಣಿಯ ಟೀವಿಗಳಲ್ಲೆಲ್ಲ ಭಾನುವಾರದ ಸಿನೆಮಾ ಕೂಗುತ್ತಿತ್ತು. ನಮ್ಮ ಬಾಗಿಲಿಗೆ ಆಗ ಟಕಟಕಿ ಇರಲಿಲ್ಲ.

ಪಕ್ಕದ ಮನೆಯ ತೆಲುಗು ಹೆಂಗಸು ತನ್ನ ಬಾಗಿಲಿನದನ್ನು ಜಗ್ಗಿದಳು. ಮೌಶಿ ಅವಳಲ್ಲಿಗೆ ಓಡಿ ಬಂದಳಂತೆ, ಅವಳು ನಮ್ಮ ಮನೆಯ ಕಡೆ ಬೆರಳು ತೋರಿಸಿದಳಂತೆ. ನಾನು ಕಂಡದ್ದು ಬಾಗಿಲ ಚಿಲಕ ಕಿತ್ತು ಬಿದ್ದದ್ದನ್ನು.

“ಕೈ ಇಳಸು.”

“ಇದು ನಮ್ಮ ಮನೀ ಮಾತು, ನೀವು ಹೋಗ್ರಿ,” ಎಂದರು ಇವರು. ಕೈ ಮೇಲೆಯೇ ಇತ್ತು.

“ಕೈ ಇಳಸು ಅಂದೆ.”

ಮೂರನೆಯ ಸಲ ಅವಳು ಹೇಳಲಿಲ್ಲ. ಕೊಡತಿ ಅಡ್ಡಡ್ಡ ಬೀಸಿತು. ಮಣಿಕಟ್ಟು ಮುರಿದ ಸಪ್ಪಳ ಸಣ್ಣದು, ಒಣ ಪುಳ್ಳೆ ಮುರಿದಷ್ಟೇ. ಇವರು ನೆಲಕ್ಕೆ ಕುಳಿತು ವಾಂತಿ ಮಾಡಿಕೊಂಡರು. ಮೌಶಿ ಅವರ ಕಡೆ ನೋಡಲಿಲ್ಲ. ಬಿದ್ದಿದ್ದ ಟೀ-ಸ್ಕೇಲನ್ನು ಎತ್ತಿ ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದಳು. ಅವಳ ಮುಖ ಅರಳಿತು. “ಭಾಳ ಚಲೋ ಕಟ್ಟಿಗಿ ಐತಿ,” ಎಂದಳು. ಆಮೇಲೆ ನನಗೆ, “ಏಳು, ನಡಿ.”

ಕಿವಿಯಿಂದ ರಕ್ತ ಇಳಿಯುತ್ತಲೇ ಅವಳ ಹಿತ್ತಿಲಿಗೆ ಹೋದೆ. ಮೊದಲು ಗಾಯ ತೊಳೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗರಗಸ ತಂದಳು. ಸ್ಕೇಲಿನ ಒಂದು ತುದಿಯನ್ನು ಮಣೆಯ ಮೇಲಿಟ್ಟು ಕಾಲಿನಿಂದ ತುಳಿದು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇದೂ ಅವಳ ಕಾಯಿದೆ. ಏಟು ತಿಂದವಳೇ ಕಟ್ಟಿಗೆ ಹಿಡಿಯಬೇಕು.

“ಹಿಡಿ.”

“ಮೌಶಿ, ನನಗ ಆಗೂದಿಲ್ಲ.”

“ತಿನ್ನಾಕ ಆಗಿತ್ತು, ಹಿಡಿಯಾಕ ಆಗೂದಿಲ್ಲಾ? ಗಟ್ಟಿ ಹಿಡಿ. ಅದು ನಡುಗಿದ್ರ ಕೊಯ್ತ ಸೊಟ್ಟ ಬರ್ತೈತಿ.”

ಹಿಡಿದೆ. ಗರಗಸದ ಒಂದೊಂದು ಎಳೆತವೂ ಮೊಣಕೈಯ ಗಾಯಕ್ಕೆ ಬಂದು ಮುಟ್ಟುತ್ತಿತ್ತು. ಮೊದಲ ತುಂಡು ಬಿದ್ದಾಗ ನನಗೆ ಅಳು ಬಂತು. ಎರಡನೆಯದು ಬಿದ್ದಾಗ ಸಿಟ್ಟು ಬಂತು. ಆಮೇಲೆ ಗರಗಸವನ್ನು ನಾನೇ ಕೇಳಿ ಇಸಿದುಕೊಂಡೆ. ಬೇಡ ಎನ್ನಲಿಲ್ಲ ಅವಳು. ತುಂಡುಗಳೆಲ್ಲ ಬೇರೆಬೇರೆ ಉದ್ದ ಇರಬೇಕೆಂದಳು, ಒಂದೇ ಅಳತೆಯಾದರೆ ಒಂದೇ ದನಿ ಬಂದು ಬೇಸರವಾಗುತ್ತದೆಯಂತೆ. ಬೈರಿಗೆಯಿಂದ ತುದಿಗೆ ತೂತು ಕೊರೆದು ಮೀನುಗಾರರ ನೈಲಾನು ದಾರ ಪೋಣಿಸಿದಳು. ಅಡ್ಡಪಟ್ಟಿಯನ್ನೇ ಮೇಲಿನ ಹಿಡಿ ಮಾಡಿದಳು. ಉಪ್ಪುಕಾಗದ ತಿಕ್ಕುವಾಗ ಒಂದು ತುಂಡಿನ ಮೇಲೆ ನನ್ನ ರಕ್ತವಿತ್ತು. ಒರೆಸಲು ಹೋದೆ. ಕೈ ತಡೆದಳು. “ಅದು ಇರ್ಲಿ. ಅಗಸಿ ಎಣ್ಣಿ ಕುಡದು ಕರ್ರಗ ಆಗ್ತೈತಿ.” ಎಲ್ಲ ಮುಗಿದ ಮೇಲೆ ಅರಿಶಿನ ತಂದು ಕಿವಿಗೆ ಒತ್ತಿದಳು. ಅದನ್ನೂ ಏಟು ಹಾಕಿದಂತೆಯೇ ಒತ್ತಿದಳು.

“ತವರಿಗೆ ಹೋಗ್ತೀಯೇನು?”

“ಅಪ್ಪಾ ತಿರುಗಿ ತಂದು ಬಿಡ್ತಾರ.”

“ಹಂಗಾದ್ರ ಇಲ್ಲೇ ಇರು. ಬಾಗಲಿಗಿ ಇದು ಇರ್ತೈತಿ, ಆಚಿ ಕಡೆ ನಾ ಇರ್ತೀನಿ.”

ಆ ಮನೆಯಲ್ಲಿ ನಾನು ಜೀವಂತ ಉಳಿಯುತ್ತೇನೋ ಇಲ್ಲವೋ ಎಂಬುದು ಅಂದಿನ ಪ್ರಶ್ನೆಯಾಗಿತ್ತು. ದೊಡ್ಡ ಮಾತಾಡುತ್ತಿಲ್ಲ. ನಲ್ಲಿಯ ಹತ್ತಿರ ಬಿದ್ದ ಹುಡುಗಿಯ ಕಥೆ ನನಗೂ ಗೊತ್ತಿತ್ತು. ನಮ್ಮ ಮನೆಯಲ್ಲೂ ಸ್ಟೋವು ಇತ್ತು.

ಇವರು ಆಫೀಸಿನಲ್ಲಿ ಬಸ್ಸಿನಿಂದ ಬಿದ್ದೆ ಎಂದು ಹೇಳಿಕೊಂಡರು. ಕೈಯ ಪಟ್ಟಿ ಇರುವಾಗಲೇ ಒಂದು ಬೆಳಿಗ್ಗೆ ಎಡಗೈಯಿಂದ ಟಕಟಕಿ ಕಿತ್ತು ಗಟಾರಕ್ಕೆ ಎಸೆದರು. ಮೌಶಿ ಬಂದಳು. ಬೈಯಲಿಲ್ಲ. ನೇರ ಒಳಗೆ ನುಗ್ಗಿ ನಕ್ಷೆಯ ಹಲಗೆಯನ್ನು ನೆಲಕ್ಕೆ ಹಾಕಿ ಕೊಡತಿಯಿಂದ ಹೊಡೆದಳು. ಹಲಗೆ ನಡುವೆ ಸೀಳಿತು. “ಅದು ಹೋದ್ರ ಇದು ಐತಿ ಸಾಹೇಬ್ರ. ಇದು ಹೋದ್ರ ಮಂಚ ಐತಿ. ಮಂಚ ಹೋದ್ರ ಬಾಗಲಾ ಐತಿ. ನಿಮ್ಮ ಮನ್ಯಾಗ ಕಟ್ಟಿಗಿ ಮುಗಿಯೂ ತನಾ ಮಾಡ್ತೀನಿ.”  ಇವರು ಇಸ್ತ್ರಿ ಅಂಗಿಯ ತೋಳು ಮೇಲೇರಿಸಿ ಗಟಾರದಲ್ಲಿ ಎಡಗೈ ಇಳಿಬಿಟ್ಟು ಹುಡುಕಿದರು. ತೊಳೆದು ತಂದುಕೊಟ್ಟದ್ದೂ ಅವರೇ.

ಒಮ್ಮೆ ಮತ್ತೆ ಕೈ ಎತ್ತಿದರು. ನಾನು ದಾರ ಜಗ್ಗಿದೆ. ಆ ಹೊತ್ತಿಗೆ ಮೌಶಿ ಒಬ್ಬಳೇ ಬರುವ ಕಾಲ ಹೋಗಿತ್ತು. ಲಟ್ಟಣಿಗೆ, ಸೌಟು, ಬಟ್ಟೆ ಬಡಿಯುವ ಬಡಿಗೆ, ಕೈಗೆ ಸಿಕ್ಕದ್ದು ಹಿಡಿದು ಓಣಿಗೆ ಓಣಿಯೇ ಬಂತು. ಹಲ್ಲಿಲ್ಲದ ಆ ಫೌಂಡ್ರಿಯವನ ಹೆಂಡತಿ ಎಲ್ಲರಿಗಿಂತ ಮುಂದಿದ್ದಳು. ಇವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಆಮೇಲೆ ಹೊಡೆಯಲಿಲ್ಲ. ಬದಲಾದರು ಎಂದು ಹೇಳಲಾರೆ. ಹೆದರಿದರು. ನನಗೆ ಅಷ್ಟು ಸಾಕಿತ್ತು. ನಾನು ಅವರನ್ನು ಕ್ಷಮಿಸಿಲ್ಲ, ಬಿಟ್ಟೂ ಹೋಗಲಿಲ್ಲ. ಎರಡಕ್ಕೂ ನನ್ನ ಹತ್ತಿರ ಚಂದದ ಕಾರಣಗಳಿಲ್ಲ.

ಆ ಓಣಿಯ ಗಂಡಸರಿಗೆಲ್ಲ ಒಂದು ಚಾಳಿ ಬಿದ್ದುಹೋಯಿತು. ಟಕಟಕಿ ಹಣೆಗೆ ಬಡಿದರೆ ಸಪ್ಪಳವಾಗುತ್ತದೆ, ಸಪ್ಪಳವಾದರೆ ಓಣಿ ಕತ್ತೆತ್ತಿ ನೋಡುತ್ತದೆ. ಅದಕ್ಕೆ ಮನೆ ಹೊಗುವಾಗ ಬಲಗೈ ಎತ್ತಿ ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು, ತಲೆ ತಗ್ಗಿಸಿ ಒಳಗೆ ಬಂದು, ಮೆಲ್ಲಗೆ ಬಿಡುತ್ತಿದ್ದರು. ರೂಢಿ ಎಷ್ಟು ಹತ್ತಿತೆಂದರೆ ಏನೂ ತೂಗದ ಬಾಗಿಲಲ್ಲೂ ಕೈ ಮೇಲೇಳುತ್ತಿತ್ತು. ನಮ್ಮ ತಂಗಿಯ ಮದುವೆಯ ಚಪ್ಪರದಲ್ಲಿ ಇವರು ಹಾಗೆ ಕೈ ಎತ್ತಿ ತಲೆ ತಗ್ಗಿಸಿ ಬಂದಾಗ ಬೀಗರು ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದು ಕಾಲಿಗೆ ಬಿದ್ದರು. ನಾನು ಅಡುಗೆಮನೆಗೆ ಹೋಗಿ ನಕ್ಕು ಬಂದೆ.

ವರ್ಷಗಳು ಹೋದವು. ಮೌಶಿಯ ಮಗನಿಗೆ ಮದುವೆಯಾಯಿತು, ಬೀದರ್ ಕಡೆಯಿಂದ ಸೊಸೆ ಬಂದಳು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಒಂದು ದಿನ ಓಣಿ ಎದ್ದು ನೋಡಿದರೆ ಮೌಶಿಯ ಸ್ವಂತ ಬಾಗಿಲಲ್ಲಿ ಟಕಟಕಿ ತೂಗುತ್ತಿತ್ತು. ದಪ್ಪ ದಪ್ಪ ತುಂಡುಗಳು, ಉಳಿದೆಲ್ಲದಕ್ಕಿಂತ ಕೆಳದನಿ. ಸೊಸೆಯ ಬಲಗೈಗೆ ಪಟ್ಟಿ ಬಿದ್ದಿತ್ತು. ಕೇಳಿದರೆ “ನೀರಿನ ಕೊಡ ತಗೊಂಡು ಜಾರಿ ಬಿದ್ದೆ ಅಕ್ಕಾ” ಎಂದಳು. ಯಾರು ನಂಬುತ್ತಾರೆ! ಜಾರಿ ಬಿದ್ದೆವೆಂದು ನಾವೂ ಒಂದು ಕಾಲಕ್ಕೆ ಹೇಳಿದವರೇ. ಮಗನ ಜೊತೆ ಓಣಿಯ ಹೆಂಗಸರು ಮಾತು ಬಿಟ್ಟರು, ನಾನೂ ಬಿಟ್ಟೆ. ಅವನು ನಲ್ಲಿಯ ಹತ್ತಿರ ಬಂದರೆ ನಾವು ಕೊಡ ಎತ್ತಿಕೊಂಡು ಹೋಗುತ್ತಿದ್ದೆವು. ಹಲ್ಲಿಲ್ಲದವಳು ಒಮ್ಮೆ ಅವನ ಕಾಲ ಮುಂದೆ ಉಗುಳಿದಳು. ಅವನು ಉಗುಳು ದಾಟಿಕೊಂಡು ಬಸ್ಸಿಗೆ ಹೋದ. ಮೌಶಿಯ ಹೆಸರು ಮಾತ್ರ ಮತ್ತಷ್ಟು ಮೇಲೇರಿತು. ಹೊಟ್ಟೆಯ ಮಗನ ಕೋಲನ್ನೂ ಬಿಡಲಿಲ್ಲ ನೋಡು ಎಂದು ಬಾಯಿ ತುಂಬ ಹೊಗಳಿದೆವು. ಅವಳು ಹೊಗಳಿಕೆಗೆ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಗುಣ ಅವಳಿಗೆ ಮೊದಲೂ ಇರಲಿಲ್ಲ, ಹಾಗಾಗಿ ನಾವು ಗಮನಿಸಲಿಲ್ಲ.

ಇನ್ನೆರಡು ಸಂಗತಿಗಳಿದ್ದವು. ಆ ಟಕಟಕಿ ತೀರ ಕೆಳಗೆ ತೂಗುತ್ತಿತ್ತು, ಎತ್ತರದ ಮಗನ ಎದೆಗೆ ತಾಗುವಷ್ಟು. ಎಂದೂ ಅಳತೆ ತಪ್ಪದವಳಿಗೆ ಕಣ್ಣು ಮಂದವಾಯಿತು ಎಂದುಕೊಂಡೆವು. ಇನ್ನೊಂದು, ಅವಳ ಕೊಡತಿ ಕಾಣದಾಯಿತು. ಆಮೇಲೆ ಯಾರ ಮನೆಯ ದಾರ ಜಗ್ಗಿದರೂ ಅವಳು ಬರಿಗೈಯಲ್ಲೇ ಬರುತ್ತಿದ್ದಳು. ಹಿಂದೆ ನಾವು ಇರುತ್ತಿದ್ದೆವಾದ್ದರಿಂದ ಬರಿಗೈ ಸಾಲುತ್ತಿತ್ತು. ಕೊಡತಿ ಎಲ್ಲಿ ಮೌಶಿ ಎಂದು ನಾನೇ ಕೇಳಿದ್ದೆ. “ಹುಳಾ ಹಿಡೀತು,” ಎಂದಳು. ಹುಣಸೆಯ ನಡುಮರಕ್ಕೆ ಹುಳು ಎಲ್ಲಿಂದ ಎಂದು ನಾನು ಕೇಳಲಿಲ್ಲ.

ಇವರು ರಿಟೈರಾದ ಮೇಲೆ ನಾವು ಮಣಿಕೊಂಡದ ಫ್ಲ್ಯಾಟಿಗೆ ಬಂದೆವು. ಸಾಮಾನು ಲಾರಿಗೆ ಹಾಕುವಾಗ ಇವರು ಟಕಟಕಿಯನ್ನು ಬೇಕೆಂದೇ ಮರೆತರು. ನಾನು ಬೇಕೆಂದೇ ನೆನಪಿಟ್ಟುಕೊಂಡು ಬಿಚ್ಚಿ ತಂದೆ. ಎದುರು ಫ್ಲ್ಯಾಟಿನ ಕಂಪ್ಯೂಟರ್ ಕೆಲಸದ ಹುಡುಗಿ ಅದನ್ನು ಕಂಡು, “ಆಂಟೀ, ಬಹುತ್ ಪ್ಯಾರಾ ಹೈ, ಕಹಾಂ ಸೇ ಲಿಯಾ?” ಎಂದಳು, ಇಷ್ಟು ಚಂದದ್ದು ಎಲ್ಲಿ ಕೊಂಡಿರಿ ಎಂದು. “ಘರ್ ಮೇ ಬನಾಯಾ” ಎಂದೆ, ಮನೆಯಲ್ಲೇ ಮಾಡಿದ್ದೆಂದು. ಇವರು ಪೇಪರು ಮುಖಕ್ಕೆ ಹಿಡಿದುಕೊಂಡರು.

ಸುದ್ದಿ ಬಂದ ದಿನ ಬಂದ್ ಇತ್ತು. ರಾಜ್ಯ ಒಡೆಯಬೇಕು, ಒಡೆಯಬಾರದು ಎಂದು ಎರಡೂ ಕಡೆಯವರು ಬಸ್ಸಿಗೆ ಕಲ್ಲು ಹೊಡೆಯುತ್ತಿದ್ದ ಕಾಲ. ಆಟೋದವನಿಗೆ ಸಾವಿನ ಮನೆ ಎಂದು ಕೈ ಮುಗಿದು ಸನತ್‌ನಗರಕ್ಕೆ ಹೋದೆವು. ಮೌಶಿಯ ಬಾಗಿಲಲ್ಲಿ ಇವರು ಆ ಸೊಟ್ಟ ಮಣಿಕಟ್ಟಿನ ಕೈಯಿಂದ ಟಕಟಕಿ ಹಿಡಿದು ಬಗ್ಗಿ ಒಳಗೆ ಹೋದರು. ಹಿಂದೆ ಬಂದ ಭುಜ ಮುರಿದವನೂ ಹಿಡಿದ. ಸಾವಿನ ಮನೆಯಲ್ಲಿ ಒಂದೂ ಸಪ್ಪಳವಿರಲಿಲ್ಲ.

ನೀರು ಹಾಕುವ ಮೊದಲು ಮೌಶಿಯ ಮೈ ಒರೆಸಲು ಒಳಕೋಣೆಯಲ್ಲಿ ನಾನು, ಸೊಸೆ ಇಬ್ಬರೇ ಇದ್ದೆವು. ಸತ್ತ ಮೇಲೂ ಅವಳ ಹುಬ್ಬು ಗಂಟಿಕ್ಕಿಯೇ ಇತ್ತು. ಹಣೆಯ ನಡುವೆ ಚರ್ಮ ದಪ್ಪಗಟ್ಟಿ ಒಂದು ಕಲೆ. ನಾನು ಅದನ್ನು ಬೆರಳಿನಿಂದ ಮುಟ್ಟಿದೆ.

“ಅದು ಟಕಟಕಿ ಬಡದದ್ದು,” ಎಂದಳು ಸೊಸೆ. “ಒಳಗ ಬಂದಾಗ, ಹೊರಗ ಹೋದಾಗ ಹಣಿಗೆ ಬಡಿಸಿಕೋತಿದ್ಲು. ಕೈಲೆ ಹಿಡೀರಿ ಅಂದ್ರ ಹಿಡೀತಿದ್ದಿಲ್ಲ.”

ನನಗೆ ತಿಳಿಯಲಿಲ್ಲ. ಸೊಸೆ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಮೊಣಕೈ ಕೆಳಗೆ ಎಲುಬು ಸೊಟ್ಟ ಕೂಡಿಕೊಂಡಿತ್ತು.

“ಆಕಿ ಅಪ್ಪನ ಕೊಡತಿ ಅಂತ ನನಗೇನ ಗೊತ್ತು ಅಕ್ಕಾ, ಹೊಸದಾಗಿ ಬಂದಾಕಿ. ಟೆಂಗಿನಕಾಯಿ ಒಡದೆ ಅದರಿಂದ. ಒಂದು ಚಕ್ಕಿ ಎದ್ದುಹೋತು. ಅತ್ತಿ ನೋಡಿದ್ಲು. ಅದರಿಂದಲೇ ಹೊಡದ್ಲು. ಒಂದ ಏಟು.” ಅವಳ ದನಿಯಲ್ಲಿ ಅಳುವಿರಲಿಲ್ಲ. “ಹೊಡದ ಮ್ಯಾಲ ನಾ ಅಳಾಕತ್ತೀನಿ. ಆಮ್ಯಾಲ ಗರಗಸ ತಂದ್ಲು. ಹಿಡಿ ಅಂದ್ಲು. ಈ ಕೈ ಮುರದಿತ್ತಲ್ರಿ, ಎಡಗೈಲೆ ಹಿಡದೆ. ಹಲ್ಲು ಕಡಕೋತ ಅಪ್ಪನ ಕೊಡತಿ ಕೊಯ್ದ್ಲು. ತನ್ನ ಹಣಿ ಅಳತೀಗೆ ಕಟ್ಟಿದ್ಲು.”

ನಾನು ಬಾಗಿಲ ಕಡೆ ನೋಡಿದೆ. ಅಳತೆ ತಪ್ಪಿರಲಿಲ್ಲ.

“ಮತ್ತ ಓಣ್ಯಾಗ ಯಾಕ ಹೇಳಲಿಲ್ಲ?”

“ಆಕಿ ಹೇಳ್ತೀನಿ ಅಂತ ಎದ್ದಿದ್ಲು. ನಮ್ಮ ಮನಿಯವರು ಬಿಡಲಿಲ್ಲ. ಅವ್ವಾ, ನಿನ್ನ ಹೆಸರು ಹೋದ್ರ ಈ ಓಣಿ ಹೆಣ್ಮಕ್ಕಳು ಯಾರ ಕಡೆ ಓಡಬೇಕು, ನಾ ಹೊಡದೆ ಅಂತ ಇರ್ಲಿ ಅಂದ್ರು. ಆಕಿ ಹೂಂ ಅಂದ್ಲು.” ಸೊಸೆ ಬಟ್ಟೆ ಹಿಂಡಿದಳು. “ಅವ್ವಾ ಮಗಾ ಕೂಡಿ ತೀರ್ಮಾನ ಮಾಡಿದ್ರು ಅಕ್ಕಾ. ಕೈ ಮುರದದ್ದು ನಂದು. ನನ್ನ ಒಬ್ಬರೂ ಕೇಳಲಿಲ್ಲ.”

 ಎಷ್ಟು ಮನೆಗಳ ದಾರ ಆ ಒಂದು ಸುಳ್ಳಿಗೆ ಕಟ್ಟಿಕೊಂಡು ನಿಂತಿತ್ತೆಂಬುದು ನನಗೆ ಗೊತ್ತು, ನನ್ನದೂ ಅದರಲ್ಲೊಂದು. ಆದರೂ ಆ ಕ್ಷಣ ಮೌಶಿಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಸತ್ತವಳ ಕೈಯನ್ನು ಒರೆಸುತ್ತಿದ್ದವಳು ಹಾಗೇ ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಿಡಿದು ಒರೆಸಿದೆ, ಆ ತುದಿಯಿಲ್ಲದ ಕಿರುಬೆರಳನ್ನೂ.

ಚಟ್ಟ ಎತ್ತಿದರು. ಬಾಗಿಲು ಸಣ್ಣದು, ಟಕಟಕಿ ಕೆಳಗೆ. ಮುಂದಿನ ಕೊನೆ ಹೊತ್ತಿದ್ದ ಮಗ ಒಂದು ಕೈಯಿಂದ ಚಟ್ಟ ಹಿಡಿದು, ಇನ್ನೊಂದು ಕೈ ಎತ್ತಿ ತುಂಡುಗಳನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದುಕೊಂಡ, ಅವ್ವ ಸದ್ದಿಲ್ಲದೆ ಹೊರಗೆ ಹೋಗಲಿ ಎಂದು. ಹೊರಗೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಿಂತಿದ್ದರು, ನಾನೂ ಅವರಲ್ಲಿ ಸೇರಿಕೊಂಡಿದ್ದೆ.

ಸೊಸೆ ಒಳಗಿನಿಂದ ಬಂದು ಹೊಸ್ತಿಲ ಹತ್ತಿರ ಗಂಡನ ಪಕ್ಕ ನಿಂತಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಕೈ ಇಳಸ್ರಿ.”

ಅವನು ಅವಳ ಮುಖ ನೋಡಿದ.

“ಕೈ ಇಳಸ್ರಿ. ಬಡೀಲಿ.”

ಅವನು ಕೈ ಬಿಟ್ಟ. ಚಟ್ಟದ ಬಿದಿರು ತಾಗಿ ಹುಣಸೆಯ ತುಂಡುಗಳು ಒಂದಕ್ಕೊಂದು ಹೊಡೆದುಕೊಂಡವು. ಆ ದಪ್ಪ ದನಿ ಓಣಿಯ ಕೊನೆಯ ಮನೆಯವರೆಗೂ ಹೋಯಿತು. ಆ ಸಪ್ಪಳ ಕೇಳಿದರೆ ಸುಮ್ಮನೆ ನಿಲ್ಲುವುದು ನಮಗೆ ಗೊತ್ತಿಲ್ಲ. ಫೌಂಡ್ರಿಯವನ ಹೆಂಡತಿ ಮೊದಲು ಹೆಜ್ಜೆ ಇಟ್ಟಳು, ಅವಳ ಹಿಂದೆ ತೆಲುಗಿನವಳು, ಆಮೇಲೆ ನಾವೆಲ್ಲ. ಹೊರಗೆ ಬಂದ ಚಟ್ಟವನ್ನು ದಾಟಿಕೊಂಡು ಹೋಗಿ ಹೊಸ್ತಿಲಲ್ಲಿದ್ದ ಸೊಸೆಯ ಸುತ್ತ ನಿಂತೆವು.